ನಕ್ಷತ್ರ ನೋಡುವವರನ್ನು ಜಪಾನೀ ಭಾಷೆಯಲ್ಲಿ ಏನೆಂದು ಕರೆಯಬೇಕು?

ಜಪಾನೀ ನಿಘಂಟಿನಲ್ಲಿ ಖಗೋಳವಿಜ್ಞಾನಿಗೆ ಪದ ಹುಡುಕಿದರೆ ಥಟ್ಟನೆ ಸಿಗುವುದು ತೆಮ್ಮೊನ್‌ಗಕುಶ. ಪರೀಕ್ಷೆ ಬರೆಯುವವರಿಗೆ ಅಷ್ಟು ಸಾಕು. ಆದರೆ ಅಲ್ಲಿಯ ಪತ್ರಿಕೆ ಓದಲು ಕೂತವರಿಗೆ, ಕಥೆಯನ್ನೋ ಅನಿಮೆಯನ್ನೋ ಕನ್ನಡಕ್ಕೆ ತರಲು ಹೊರಟವರಿಗೆ ಆ ಒಂದು ಪದದಿಂದ ಕೆಲಸ ಸಾಗುವುದಿಲ್ಲ. ಮನೆಯ ತಾರಸಿಯಿಂದ ಧೂಮಕೇತು ಕಂಡುಹಿಡಿದವರನ್ನು ಜಪಾನೀಯರು ಸಾಮಾನ್ಯವಾಗಿ ಗಕುಶ, ಅಂದರೆ ವಿದ್ವಾಂಸ, ಎನ್ನುವುದಿಲ್ಲ. ಸಾವಿರ ವರ್ಷದ ಹಿಂದೆ ಚಕ್ರವರ್ತಿಗಾಗಿ ರಾತ್ರಿಯೆಲ್ಲ ಆಕಾಶ ಕಾಯುತ್ತಿದ್ದವರ ಹುದ್ದೆಯ ಹೆಸರೂ ಬೇರೆ. ಭೂಗರ್ಭದ ಗಣಿಯಲ್ಲಿ ಕೂತು ನಕ್ಷತ್ರದ ಸಾವನ್ನು ಹಿಡಿದು ನೊಬೆಲ್ ಪಡೆದವರಿಗೆ ಇನ್ನೊಂದು ಪದ.

ಇವುಗಳ ನಡುವೆ ಆರಿಸಲು ನಾನು ಬಳಸುವ ಪ್ರಶ್ನೆ ಒಂದೇ: ಆಕಾಶ ನೋಡಿದ್ದಕ್ಕೆ ಈ ಮನುಷ್ಯನಿಗೆ ಸಂಬಳ ಕೊಡುವವರು ಯಾರು? ವಿಶ್ವವಿದ್ಯಾಲಯವೋ, ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗುನನೋ, ಚಕ್ರವರ್ತಿಯೋ, ಭವಿಷ್ಯ ಕೇಳಲು ಬಂದ ಗಿರಾಕಿಯೋ, ಅಥವಾ ಯಾರೂ ಅಲ್ಲವೋ? ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಪದವೂ ಸಿಕ್ಕಂತೆ. ತೆಮ್ಮೊನ್ ಎಂಬ ಭಾಗ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ, ಖಗೋಳ ಎಂದುಕೊಳ್ಳಿ. ವ್ಯತ್ಯಾಸವೆಲ್ಲ ಅದರ ಬಾಲದಲ್ಲಿ.

(ಬರವಣಿಗೆಯ ಬಗ್ಗೆ ಒಂದು ಮಾತು. ಅಕ್ಷರಕ್ಕೆ ಅಕ್ಷರ ಬರೆದರೆ ಅದು ತೆನ್‌ಮೊನ್. ಬಾಯಲ್ಲಿ ಬರುವುದು ತೆಮ್ಮೊನ್, ಹಾಗಾಗಿ ಹಾಗೆಯೇ ಬರೆದಿದ್ದೇನೆ. ಹ್ರಸ್ವ ದೀರ್ಘದ ವ್ಯತ್ಯಾಸ ಜಪಾನಿಯಲ್ಲಿ ಅರ್ಥವನ್ನೇ ಬದಲಿಸುತ್ತದೆ. ಆ ವಿಷಯದಲ್ಲಿ ಕನ್ನಡ ಲಿಪಿ ನಮಗೆ ಇಂಗ್ಲಿಷ್ ಲಿಪಿಗಿಂತ ಚೆನ್ನಾಗಿ ಒದಗುತ್ತದೆ.)

ವಿಶ್ವವಿದ್ಯಾಲಯದ ಸಂಬಳದವರು: ಗಕುಶ, ಕೆನ್‌ಕ್ಯೂಶ, ಬುತ್ಸುರಿಗಕುಶ

ತೆಮ್ಮೊನ್‌ಗಕುಶ ಎಂಬುದು ಬೇರೆಯವರ ಬಗ್ಗೆ ಹೇಳಲು ಒಳ್ಳೆಯ ಪದ. ಮಿಜುಸವಾ ಊರಿನ ವೀಕ್ಷಣಾಲಯದಲ್ಲಿ ಅಕ್ಷಾಂಶದ ಸಣ್ಣ ಓಲಾಟವನ್ನು ಅಳೆಯುತ್ತ, 1902ರಲ್ಲಿ ಅದರ ಲೆಕ್ಕದ ಸೂತ್ರಕ್ಕೆ ಇನ್ನೊಂದು ಅಂಶವನ್ನು ಸೇರಿಸಬೇಕೆಂದು ತೋರಿಸಿದ ಕಿಮುರ ಹಿಸಾಶಿ ತೆಮ್ಮೊನ್‌ಗಕುಶ. ಕ್ಷುದ್ರಗ್ರಹಗಳಲ್ಲಿ ಒಂದೇ ಮೂಲದಿಂದ ಬಂದ ಕುಟುಂಬಗಳಿವೆ ಎಂದು 1918ರಲ್ಲಿ ಗುರುತಿಸಿದ ಹಿರಾಯಾಮ ಕಿಯೊತ್ಸುಗು ಕೂಡ ಅದೇ. ವಿಶ್ವಕೋಶದ ಮೊದಲ ಸಾಲಿಗೆ, ಪುಸ್ತಕದ ಬೆನ್ನುಪುಟಕ್ಕೆ, ಟಿವಿಯಲ್ಲಿ ಹೆಸರಿನ ಕೆಳಗೆ ಹಾಕುವ ಪಟ್ಟಿಗೆ ಈ ಪದ ಹೊಂದುತ್ತದೆ.

ತನ್ನ ಬಗ್ಗೆ ತಾನೇ ಹೇಳಿಕೊಳ್ಳುವಾಗ ಮಾತ್ರ ತೊಡಕು. 'ವತಶಿ ವ ತೆಮ್ಮೊನ್‌ಗಕುಶ ದೆಸು' ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಸಭೆಯಲ್ಲಿ ಎದ್ದುನಿಂತು 'ನಾನು ವಿದ್ವಾಂಸ' ಎಂದ ಹಾಗೆ ಕೇಳುತ್ತದೆ. ಗಕುಶ ಎಂಬುದು ಊರವರು ಕೊಡಬೇಕಾದ ಮರ್ಯಾದೆ, ತಾನೇ ಹೊದ್ದುಕೊಳ್ಳುವ ಶಾಲಲ್ಲ. ವೃತ್ತಿಯವರು ಹೇಳುವುದು 'ತೆಮ್ಮೊನ್‌ಗಕು ನೊ ಕೆನ್‌ಕ್ಯೂ ಒ ಶಿತೆ ಇಮಸು', ಅಂದರೆ ಖಗೋಳದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದು. ನಾಮಪದವೇ ಬೇಕೆಂದರೆ ಕೆನ್‌ಕ್ಯೂಶ, ಸಂಶೋಧಕ. ಪಿಎಚ್‌ಡಿ ಮುಗಿಸಿ ಎರಡು ವರ್ಷದ ಹುದ್ದೆಯಲ್ಲಿರುವವರೂ ಧೈರ್ಯವಾಗಿ ಬಳಸಬಹುದಾದ ಪದ ಇದು. ಇನ್ನೂ ಓದುತ್ತಿರುವವರಾದರೆ ಇನ್‌ಸೇ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್‌ನಿಂದ ಮೂವತ್ತು ಮೀಟರ್ ದೂರದರ್ಶಕದ ಕೆಲಸಕ್ಕೆಂದು ಟೋಕಿಯೊ ಪಕ್ಕದ ಮಿತಾಕಕ್ಕೆ ಹೋಗುವವರು ಈ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. ಆ ಯೋಜನೆಯಲ್ಲಿ ಜಪಾನೂ ಭಾರತವೂ ಪಾಲುದಾರರು, ಜಪಾನಿನ ರಾಷ್ಟ್ರೀಯ ಖಗೋಳ ವೀಕ್ಷಣಾಲಯದ ಕೇಂದ್ರ ಇರುವುದು ಮಿತಾಕದಲ್ಲಿ.

ಇನ್ನು ಖಭೌತ ವಿಜ್ಞಾನಿಗೆ ಉಚೂ ಬುತ್ಸುರಿಗಕುಶ ಎಂದೂ ಇದೆ, ತೆಂತಾಯ್ ಬುತ್ಸುರಿಗಕುಶ ಎಂದೂ ಇದೆ. ಎರಡನೆಯದು ಆಕಾಶಕಾಯಗಳ ಭೌತಶಾಸ್ತ್ರಕ್ಕೇ ಅಂಟಿಕೊಂಡದ್ದು. ಉಚೂ ಎಂದರೆ ವಿಶ್ವ, ಹಾಗಾಗಿ ಮೊದಲನೆಯದರ ಹರವು ದೊಡ್ಡದು, ಈಗ ಹೆಚ್ಚು ಕಿವಿಗೆ ಬೀಳುವುದೂ ಅದೇ. ಟೋಕಿಯೊ ವಿಶ್ವವಿದ್ಯಾಲಯದ ವಿಭಾಗದ ಜಪಾನೀ ಹೆಸರಿನಲ್ಲಿ ತೆಮ್ಮೊನ್ ಇದೆ. ಕ್ಯೋತೋ ವಿಶ್ವವಿದ್ಯಾಲಯದ ವಿಭಾಗದ ಹೆಸರಿನಲ್ಲಿ ಉಚೂ ಬುತ್ಸುರಿ ಇದೆ. ಇಂಗ್ಲಿಷ್ ಫಲಕದಲ್ಲಿ ಎರಡೂ ಆಸ್ಟ್ರಾನಮಿಯೇ. ಹಾಗಾಗಿ ಇಂಗ್ಲಿಷ್ ಪರಿಚಯಪತ್ರ ನೋಡಿ ಜಪಾನೀ ಪದ ಊಹಿಸಲು ಹೋಗಬೇಡಿ. ನಕ್ಷತ್ರಗಳು ಹುಟ್ಟುವಾಗ ಹಿಡಿಯುವ ಹಾದಿಯನ್ನು 1961ರಲ್ಲಿ ಲೆಕ್ಕಹಾಕಿ ತೋರಿಸಿದ ಹಯಾಶಿ ಚೂಶಿರೋ ಕ್ಯೋತೋದವರು. ಅವರನ್ನು ಉಚೂ ಬುತ್ಸುರಿಗಕುಶ ಎಂದರೆ ಒಪ್ಪುತ್ತದೆ. ಬರೀ ತೆಮ್ಮೊನ್‌ಗಕುಶ ಎಂದರೆ ದೂರದರ್ಶಕಕ್ಕೆ ಕಣ್ಣಿಟ್ಟು ಕೂತವರ ಚಿತ್ರ ಬರುತ್ತದೆ, ಅವರು ಮಾಡಿದ್ದು ಆ ಕೆಲಸವಲ್ಲ.

ಮೊದಲೇ ಹೇಳಿದ ಗಣಿಯವರು ಕೊಶಿಬ ಮಸತೋಶಿ. 1987ರ ಫೆಬ್ರುವರಿ 23ರಂದು ದೊಡ್ಡ ಮೆಜೆಲನ್ ಮೋಡ ಎಂಬ ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರದಿಂದ ಬಂದ 11 ನ್ಯೂಟ್ರಿನೊಗಳನ್ನು, ಅಂದರೆ ಅತಿ ಸೂಕ್ಷ್ಮ ಕಣಗಳನ್ನು, ಗಿಫು ಪ್ರಾಂತ್ಯದ ಕಮಿಯೋಕ ಗಣಿಯೊಳಗಿನ ನೀರಿನ ತೊಟ್ಟಿ ಹಿಡಿದುಕೊಟ್ಟಿತು. 2002ರಲ್ಲಿ ನೊಬೆಲ್ ಬಂತು. ಜಪಾನೀ ಪತ್ರಿಕೆಗಳು ಅವರನ್ನು ಕರೆದದ್ದು ಬುತ್ಸುರಿಗಕುಶ, ಭೌತವಿಜ್ಞಾನಿ. ಅವರು ಬಾಗಿಲು ತೆರೆದ ಕ್ಷೇತ್ರಕ್ಕೆ ಮಾತ್ರ ನ್ಯೂಟ್ರಿನೊ ತೆಮ್ಮೊನ್‌ಗಕು ಎಂದೇ ಹೆಸರು. ವಿದ್ಯೆಗೆ ಒಂದು, ವಿದ್ವಾಂಸನಿಗೆ ಇನ್ನೊಂದು! ಇಲ್ಲಿ ತರ್ಕ ಹುಡುಕುವುದಕ್ಕಿಂತ ಆ ಮನುಷ್ಯ ಯಾವ ವಿಭಾಗದ ಕುರ್ಚಿಯಲ್ಲಿ ಕೂತಿದ್ದ ಎಂದು ನೋಡುವುದು ಲೇಸು.

ಯಾರೂ ಸಂಬಳ ಕೊಡದವರು: ತೆಮ್ಮೊನ್‌ಕ

ನನ್ನ ಮಟ್ಟಿಗೆ ಇಡೀ ಗುಂಪಿನಲ್ಲಿ ಅತಿ ಸೊಗಸಾದ ಪದ ಇದು, ಕನ್ನಡಕ್ಕೆ ತರುವಾಗ ಅತಿ ಹೆಚ್ಚು ಕೆಡುವುದೂ ಇದೇ. ಕೊನೆಯ 'ಕ' ಲೇಖಕನಿಗೆ ಹೇಳುವ ಸಕ್ಕ, ಚಿತ್ರಕಾರನಿಗೆ ಹೇಳುವ ಗಕ, ಸಂಗೀತಗಾರನಿಗೆ ಹೇಳುವ ಒಂಗಕುಕ ಪದಗಳಲ್ಲಿ ಬರುವ ಅದೇ 'ಕ'. ಒಂದು ವಿದ್ಯೆಯನ್ನು ಹಿಡಿದು ಅದರಲ್ಲಿ ಪಳಗಿದವರು ಎಂಬ ಅರ್ಥ. ಪದವಿಯ ಸುಳಿವಿಲ್ಲ, ನೌಕರಿಯ ಸುಳಿವೂ ಇಲ್ಲ. ಸುದ್ದಿಯಲ್ಲಿ ಅದು ಬಹುತೇಕ 'ಅಮಚುಅ ತೆಮ್ಮೊನ್‌ಕ' ಎಂದು ಜೋಡಿಯಾಗಿ ಬರುತ್ತದೆ. ಅಮಚುಅ ಎಂದರೆ ಇಂಗ್ಲಿಷಿನ ಅಮೆಚೂರ್. ಅಲ್ಲಿ ಅದು ಬೈಗುಳದ ಹತ್ತಿರಕ್ಕೂ ಹೋಗುವುದಿಲ್ಲ.

ಯಾಕೆ ಹೋಗುವುದಿಲ್ಲ ಎಂದು ತಿಳಿಯಲು 1965ರ ಸೆಪ್ಟೆಂಬರನ್ನು ನೋಡಬೇಕು. ಇಕೆಯ ಕವೋರು ಶಿಜುವೊಕ ಪ್ರಾಂತ್ಯದವರು, ಪಿಯಾನೊ ಕಾರ್ಖಾನೆಯ ಕೆಲಸಗಾರ, ಕೈಯಾರೆ ಮಾಡಿಕೊಂಡ ದೂರದರ್ಶಕದಿಂದ ಎರಡು ವರ್ಷದ ಹಿಂದೆಯೇ ಹತ್ತೊಂಬತ್ತರ ಹರೆಯದಲ್ಲಿ ಒಂದು ಧೂಮಕೇತು ಹಿಡಿದಿದ್ದರು. ಸೆಕಿ ತ್ಸುತೋಮು ಕೊಚಿಯವರು, ಗಿಟಾರ್ ಹೇಳಿಕೊಡುತ್ತಿದ್ದವರು. ಚಂಡಮಾರುತ ಹಾದುಹೋಗಿ ಆಕಾಶ ತೊಳೆದಂತಾಗಿದ್ದ ಒಂದು ಬೆಳಗಿನ ಜಾವ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಕೆಲವೇ ನಿಮಿಷಗಳ ಅಂತರದಲ್ಲಿ ಇಬ್ಬರೂ ಒಂದೇ ಧೂಮಕೇತುವನ್ನು ಕಂಡರು. ಅಕ್ಟೋಬರ್ 21ರಂದು ಅದು ಸೂರ್ಯನ ಪಕ್ಕದಲ್ಲೇ ಹಾದುಹೋಯಿತು, ಹಾಡಹಗಲಲ್ಲೇ ಕಂಡಿತು. ಇಕೆಯ-ಸೆಕಿ ಎಂಬ ಹೆಸರು ಖಗೋಳದ ಇತಿಹಾಸದಲ್ಲಿ ಉಳಿಯಿತು. ಇಬ್ಬರಲ್ಲಿ ಒಬ್ಬರೂ ಗಕುಶ ಅಲ್ಲ.

ಮೂವತ್ತು ವರ್ಷದ ಮೇಲೆ ಹ್ಯಕುತಕೆ ಯೂಜಿ. ಕೈಯಲ್ಲಿದ್ದದ್ದು ದುರ್ಬೀನು, ಆದರೆ ಕುತ್ತಿಗೆಗೆ ಹಾಕಿಕೊಳ್ಳುವಂಥದ್ದಲ್ಲ. ಒಂದೊಂದು ಮಸೂರವೂ 15 ಸೆಂಟಿಮೀಟರ್ ಅಗಲ, 25 ಪಟ್ಟು ಹಿಗ್ಗಿಸುವ, ನಿಲುಗಾಲಿನ ಮೇಲೆ ಕೂರಿಸಿದ ಯಂತ್ರ. ಅದರಿಂದ 1995ರ ಡಿಸೆಂಬರ್ 25ರಂದು ಅವರಿಗೊಂದು ಧೂಮಕೇತು ಸಿಕ್ಕಿತ್ತು. ಐದು ವಾರದ ಮೇಲೆ, ಜನವರಿ ಕೊನೆಯಲ್ಲಿ, ಆ ಮೊದಲನೆಯದು ಕಂಡಿದ್ದ ಭಾಗದತ್ತ ಮತ್ತೆ ತಿರುಗಿಸಿದರೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇನ್ನೊಂದು! ಮಾರ್ಚ್ 25ರಂದು ಅದು ಭೂಮಿಗೆ ಒಂದೂವರೆ ಕೋಟಿ ಕಿಲೋಮೀಟರಿನಷ್ಟು ಹತ್ತಿರ ಬಂತು. 1996ರಲ್ಲಿ ಹ್ಯಾಕುಟಾಕೆ ಎಂದು ನಮ್ಮ ಪತ್ರಿಕೆಗಳಲ್ಲೂ ಓದಿದ ನೆನಪು ಹಲವರಿಗೆ ಇರಬಹುದು. ಇಂಥವರಿಗೆ ಕೊಮೆತ್ತೊ ಹಂತಾ ಎಂಬ ಹೆಸರೂ ಇದೆ, ಧೂಮಕೇತು ಬೇಟೆಗಾರ.

ಇದೆಲ್ಲ ಹಳೆಯ ಕಾಲದ ಮಾತಲ್ಲ. ಯಮಗಾತದ ಇತಗಕಿ ಕೋಯಿಚಿ 2023ರ ಮೇ 19ರಂದು ಪಿನ್‌ವ್ಹೀಲ್ ಗೆಲಾಕ್ಸಿಯಲ್ಲಿ ಸೂಪರ್‌ನೋವಾ, ಅಂದರೆ ಸಿಡಿಯುತ್ತಿರುವ ನಕ್ಷತ್ರ, ಕಂಡಾಗ ಜಗತ್ತಿನ ದೊಡ್ಡ ದೊಡ್ಡ ದೂರದರ್ಶಕಗಳು ಆ ಕಡೆಗೆ ಹೊರಳಿದವು. ಅವರು ಕಂಡುಹಿಡಿದ ಸೂಪರ್‌ನೋವಾಗಳ ಎಣಿಕೆ ನೂರು ದಾಟಿ ಎಷ್ಟೋ ಕಾಲವಾಗಿದೆ. ಪತ್ರಿಕೆಗಳು ಈಗಲೂ ಬರೆಯುವುದು ಅಮಚುಅ ತೆಮ್ಮೊನ್‌ಕ ಎಂದೇ.

ಕನ್ನಡದಲ್ಲಿ 'ಹವ್ಯಾಸಿ ಖಗೋಳವಿಜ್ಞಾನಿ' ಎಂದು ಬರೆಯುತ್ತಾರೆ. ನನಗೆ ಒಗ್ಗದು. ಹವ್ಯಾಸಿ ಎಂದಾಗ ಬಿಡುವಿನ ಕೆಲಸದ ವಾಸನೆ, ವಿಜ್ಞಾನಿ ಎಂದಾಗ ಪ್ರಯೋಗಾಲಯದ ವಾಸನೆ, ಎರಡೂ ಇವರಿಗೆ ಹೊಂದುವುದಿಲ್ಲ. 'ಖಗೋಳ ವೀಕ್ಷಕ' ಎಂದಿಟ್ಟು, ಮುಂದಿನ ಸಾಲಿನಲ್ಲಿ ಅವರ ನಿಜವಾದ ಉದ್ಯೋಗ ಹೇಳಿಬಿಟ್ಟರೆ ಓದುಗರಿಗೆ ಎಲ್ಲ ತಿಳಿಯುತ್ತದೆ.

ಆದರೆ ದೂರದರ್ಶಕ ಕೊಂಡವರೆಲ್ಲ ತೆಮ್ಮೊನ್‌ಕ ಆಗುವುದಿಲ್ಲ. ಚಂದ್ರಗ್ರಹಣಕ್ಕೆ ತಾರಸಿ ಹತ್ತುವವರು ತೆಮ್ಮೊನ್ ಫಾನ್. ಶಾಲೆಯ ಖಗೋಳ ಸಂಘ ತೆಮ್ಮೊನ್‌ಬು. ಹತ್ತು ಹನ್ನೆರಡರ ವಯಸ್ಸಿನಲ್ಲೇ ನಕ್ಷತ್ರದ ಹುಚ್ಚು ಹಿಡಿದ ಹುಡುಗ ತೆಮ್ಮೊನ್ ಶೋನೆನ್. ಈ ಕೊನೆಯದನ್ನು ದೊಡ್ಡವರು ತಮ್ಮ ಬಾಲ್ಯದ ಬಗ್ಗೆ ಹೇಳುವಾಗ ತುಂಬಾ ಬಳಸುತ್ತಾರೆ. 'ನಾನು ತೆಮ್ಮೊನ್ ಶೋನೆನ್ ಆಗಿದ್ದೆ' ಎಂದು ಒಬ್ಬ ಎಂಜಿನಿಯರ್ ಹೇಳಿದರೆ ಅದರಲ್ಲಿ ಜಂಬವಿಲ್ಲ, ಸಲಿಗೆಯಿದೆ.

ನೊಜಿರಿ ಹೋಯೇ ಅವರಿಗೆ ಈ ಯಾವುದೂ ಹೊಂದುವುದಿಲ್ಲ. 1885ರಿಂದ 1977ರವರೆಗೆ ಬದುಕಿದ್ದ ಈ ಸಾಹಿತಿ ಮೀನುಗಾರರ, ರೈತರ ಬಾಯಲ್ಲಿದ್ದ ನಕ್ಷತ್ರದ ಹೆಸರುಗಳನ್ನು ಊರೂರಿಂದ ಕೂಡಿಹಾಕಿದವರು. 1930ರಲ್ಲಿ ಪ್ಲೂಟೊ ಸಿಕ್ಕಾಗ ಅದಕ್ಕೆ ಜಪಾನಿಯಲ್ಲಿ ಮೇಯೋಸೇ, ಪಾತಾಳದೊಡೆಯನ ನಕ್ಷತ್ರ, ಎಂಬ ಹೆಸರು ಸೂಚಿಸಿದವರೂ ಇವರೇ. ಇಂಥವರಿಗೆ ಒಂದೇ ಪದ ಹುಡುಕಿ ಕೊರಳಿಗೆ ಕಟ್ಟಬೇಡಿ, ಎರಡು ಮಾತಿನಲ್ಲಿ ವಿವರಿಸಿ.

ಅರಮನೆಯ ಸಂಬಳ, ಶೋಗುನನ ಸಂಬಳ

ಐತಿಹಾಸಿಕ ಕಥೆ ಅನುವಾದಿಸುವವರು ಎಡವುವುದು ಇಲ್ಲಿ. ಹಳೆಯ ಕಾಲದಲ್ಲಿ ಇವು ವರ್ಣನೆಯ ಪದಗಳಲ್ಲ, ಹುದ್ದೆಗಳು.

ತೆಮ್ಮೊನ್ ಹಕಸೆ ಎಂದರೆ ಆಕಾಶ, ಪಂಚಾಂಗ, ಶಕುನ ನೋಡಿಕೊಳ್ಳುತ್ತಿದ್ದ, ಚಕ್ರವರ್ತಿಯ ಆಡಳಿತದ ಒನ್‌ಮ್ಯೋರ್ಯೋ ಎಂಬ ಇಲಾಖೆಯಲ್ಲಿ ಇದ್ದ ಸ್ಥಾನ. ಕಾನೂನಿನ ಪ್ರಕಾರ ಒಬ್ಬ ಹಕಸೆ, ಅವನ ಕೈಕೆಳಗೆ ಹತ್ತು ಮಂದಿ ಶಿಷ್ಯರು. ಕೆಲಸ ಏನೆಂದರೆ ಆಕಾಶದಲ್ಲಿ ಅಸಹಜವಾದದ್ದು ಕಂಡರೆ ಅರ್ಥ ಹಚ್ಚಿ, ಮುದ್ರೆಯೊತ್ತಿ, ಗುಟ್ಟಾಗಿ ಚಕ್ರವರ್ತಿಗೆ ವರದಿ ಕಳಿಸುವುದು. ಇಂದಿನ ಜಪಾನಿಯಲ್ಲಿ ಹಕಸೆ ಎಂದರೆ ಡಾಕ್ಟರೇಟ್ ಪಡೆದವರು ಅಥವಾ ಯಾವುದಾದರೂ ವಿಷಯ ಅರೆದು ಕುಡಿದ ಚೂಟಿ ಮಗು. ಆ ಅರ್ಥವನ್ನು ಹತ್ತನೆಯ ಶತಮಾನಕ್ಕೆ ಒಯ್ದು 'ಡಾಕ್ಟರ್' ಎಂದು ಬರೆದರೆ ನಗೆಪಾಟಲು.

ಒನ್‌ಮ್ಯೋಜಿ ಎಂಬುದು ಅದೇ ಇಲಾಖೆಯ ಇನ್ನೊಂದು ಹುದ್ದೆ. ಕಾಲಕ್ರಮದಲ್ಲಿ ಮುಹೂರ್ತ, ದಿಕ್ಕು, ಶಾಂತಿ, ದೃಷ್ಟಿ ಪರಿಹಾರ ಮಾಡುವ ಇಡೀ ವೃತ್ತಿಗೇ ಆ ಹೆಸರು ಬಂತು. ಅನಿಮೆ ನೋಡುವವರಿಗೆ ಪರಿಚಿತನಾದ ಅಬೆ ನೊ ಸೇಮೇ (921–1005) ಒನ್‌ಮ್ಯೋಜಿ ಎಂದೇ ಪ್ರಸಿದ್ಧ, ಆದರೆ ಅವನು ತೆಮ್ಮೊನ್ ಹಕಸೆ ಹುದ್ದೆಯಲ್ಲೂ ಇದ್ದ. ಕಥೆಯಲ್ಲಿ ಅವನು ಭೂತ ಓಡಿಸುತ್ತಿದ್ದರೆ ಮೊದಲನೆಯದನ್ನು ಹಾಗೆಯೇ ಉಳಿಸಿಕೊಳ್ಳಿ. ಆಕಾಶ ನೋಡಿ ವರದಿ ಬರೆಯುತ್ತಿದ್ದರೆ ಎರಡನೆಯದು. ಜೋಯಿಸ ಎಂದು ಕನ್ನಡಿಸುವ ಆಸೆ ನನಗೂ ಆಗುತ್ತದೆ. ಆದರೆ ಜೋಯಿಸರು ಸರ್ಕಾರಿ ನೌಕರರಲ್ಲವಲ್ಲ.

ನಮ್ಮ ಓದುಗರಿಗೆ ಹತ್ತಿರದವರು ಇನ್ನೊಬ್ಬರಿದ್ದಾರೆ, ಸುಕುಯೋಶಿ. ಇವರು ಬೌದ್ಧ ಸನ್ಯಾಸಿಗಳು. ಕೂಕಾಯ್ ಎಂಬ ಜಪಾನೀ ಸನ್ಯಾಸಿ 806ರಲ್ಲಿ ಚೀನಾದಿಂದ ಮರಳುವಾಗ ತಂದ ಗ್ರಂಥಗಳಲ್ಲಿ ನಕ್ಷತ್ರ, ಗ್ರಹ, ವಾರಗಳ ಫಲ ಹೇಳುವ ಒಂದಿತ್ತು. ಅದರ ಬೇರು ಭಾರತದ ಜ್ಯೋತಿಷದಲ್ಲಿದೆ. ಅದರ ಮೇಲೆ ನಿಂತ ವಿದ್ಯೆ ಇವರದು, ಇಪ್ಪತ್ತೇಳು ನಕ್ಷತ್ರಗಳ ಲೆಕ್ಕ ಅದರಲ್ಲಿದೆ. ಅಂದಹಾಗೆ ನಮ್ಮ ಕೃತ್ತಿಕೆಯೇ ಅವರ ಸುಬರು. ಹವಾಯಿಯ ಮೌನಾಕೆಯಾ ಮೇಲೆ ಜಪಾನ್ ಕಟ್ಟಿದ 8.2 ಮೀಟರ್ ದೂರದರ್ಶಕಕ್ಕೂ ಅದೇ ಹೆಸರು. ಸುಕುಯೋಶಿಗೆ 'ನಕ್ಷತ್ರಫಲ ಹೇಳುವ ಭಿಕ್ಷು' ಎಂದರೆ ಕನ್ನಡಕ್ಕೆ ಸಲೀಸು.

ಶೋಗುನರ ಕಾಲಕ್ಕೆ ಬಂದರೆ ತೆಮ್ಮೊನ್‌ಕತ. ತೆಮ್ಮೊನ್‌ಕ ಎಂಬುದಕ್ಕೂ ಇದಕ್ಕೂ ಒಂದು ಅಕ್ಷರದ ಅಂತರ, ಆದರೆ ಅರ್ಥ ತಿರುಗುಮುರುಗು. ಇದು ಶೋಗುನರ ಎದೋ (ಇಂದಿನ ಟೋಕಿಯೊ) ಸರ್ಕಾರದ ಅಧಿಕೃತ ಹುದ್ದೆ. 862ರಿಂದ ತಿದ್ದದೆ ಬಳಸುತ್ತಿದ್ದ ಚೀನೀ ಪಂಚಾಂಗ ಎರಡು ದಿನದಷ್ಟು ಹಿಂದುಮುಂದಾಗಿತ್ತು. ಕರಿ ಬಿಳಿ ಕಾಯಿಗಳ ಹಲಗೆಯಾಟವಾದ 'ಗೋ'ದಲ್ಲಿ ಹೆಸರಾದ ಮನೆತನದಲ್ಲಿ ಹುಟ್ಟಿದ ಶಿಬುಕವ ಹರುಮಿ ಹೊಸ ಪಂಚಾಂಗ ಕಟ್ಟಿ, 1684ರಲ್ಲಿ ಮೊದಲ ತೆಮ್ಮೊನ್‌ಕತ ಆದ. ಮರುವರ್ಷ ಆ ಪಂಚಾಂಗ ಜಾರಿಗೆ ಬಂತು. ಮುಂದೆ ಈ ಕಚೇರಿಯ ಕೆಲಸ ಆಕಾಶಕ್ಕಷ್ಟೇ ನಿಲ್ಲಲಿಲ್ಲ. 1811ರಿಂದ ಡಚ್ ಪುಸ್ತಕಗಳನ್ನು ಅನುವಾದಿಸುವ ವಿಭಾಗವೂ ಅದರೊಳಗೇ ಇತ್ತು. ಅದರ ಮುಖ್ಯಸ್ಥ ತಕಹಾಶಿ ಕಗೆಯಸು ಜಪಾನಿನ ನಕ್ಷೆಯ ಪ್ರತಿಯನ್ನು ಜರ್ಮನ್ ವೈದ್ಯ ಸೀಬೋಲ್ಟ್‌ಗೆ ಕೊಟ್ಟ ತಪ್ಪಿಗೆ 1829ರಲ್ಲಿ ಸೆರೆಮನೆಯಲ್ಲಿ ಸತ್ತ. 'ಆಸ್ಥಾನ ಖಗೋಳಜ್ಞ' ಎಂದರೆ ಹುದ್ದೆಯ ಗತ್ತು ಬರುತ್ತದೆ, ಕಚೇರಿಯ ಧೂಳು ಬರುವುದಿಲ್ಲ. ನಾನಾದರೆ 'ಪಂಚಾಂಗದ ಅಧಿಕಾರಿ' ಎಂದು ಬರೆಯುತ್ತೇನೆ.

ಸಂಬಳದ ಸೂತ್ರ ಸಡಿಲವಾಗುವುದೂ ಈ ಕಾಲದಲ್ಲೇ. ತನ್ನ ಸೀಮೆ ಬಿಟ್ಟು ಒಸಾಕಕ್ಕೆ ಓಡಿಬಂದ ಅಸದ ಗೋರ್ಯೂ ಹೊಟ್ಟೆಪಾಡಿಗೆ ವೈದ್ಯ. ಅವನ ಶಿಷ್ಯ ಹಜಮ ಶಿಗೆತೋಮಿ ಗಿರವಿ ಅಂಗಡಿಯ ಸಾಹುಕಾರ. ಆಕಾಶ ನೋಡಿದ್ದಕ್ಕೆ ಒಸಾಕದಲ್ಲಿ ಯಾರೂ ಇವರಿಗೆ ಕಾಸು ಕೊಡಲಿಲ್ಲ. ಆದರೂ ಇತಿಹಾಸದ ಪುಸ್ತಕಗಳು ತೆಮ್ಮೊನ್‌ಗಕುಶ ಎನ್ನುತ್ತವೆ. ಕಾರಣ, ಇವರು ಹೊಸ ನಕ್ಷತ್ರ ಹುಡುಕಿದವರಲ್ಲ, ಗಣಿತ ಮಾಡಿದವರು. 1798ರ ಪಂಚಾಂಗ ಸುಧಾರಣೆ ನಿಂತದ್ದು ಇವರ ಪಾಠಶಾಲೆಯ ಮೇಲೆ. ಅದೇ ಶಾಲೆಯ ತಕಹಾಶಿ ಯೋಶಿತೋಕಿಯ ಬಳಿ ಐವತ್ತರ ಅಂಚಿನಲ್ಲಿ ಪಾಠ ಕಲಿಯಲು ಬಂದ ಇನೋ ತದತಕ, ತನಗಿಂತ ಹತ್ತೊಂಬತ್ತು ವರ್ಷ ಚಿಕ್ಕ ಗುರುವಿನ ಶಿಷ್ಯನಾಗಿ, ದೇಶವನ್ನೇ ನಡೆದು ಅಳೆದ. ಅವನಿಗೆ ಸೊಕುರ್ಯೋಕ ಎಂಬುದು ಸಾಮಾನ್ಯ ಪದ, ಅಳತೆಗಾರ. ನೋಡಿ, ಮತ್ತೆ ಅದೇ 'ಕ'.

ಉಳಿದವು

ರಾಶಿಫಲ ಹೇಳುವವರು ಸೆನ್‌ಸೇಜುತ್ಸುಶಿ, ಮಾತಿನಲ್ಲಿ ಬರೀ ಉರನೈಶಿ. ಇದನ್ನು ತೆಮ್ಮೊನ್ ಇರುವ ಯಾವ ಪದದ ಜೊತೆಗೂ ಇಂದು ಬೆರೆಸುವಂತಿಲ್ಲ. ಗಗನಯಾತ್ರಿ ಉಚೂ ಹಿಕೋಶಿ. ಅವರು ನಕ್ಷತ್ರದ ಹತ್ತಿರಕ್ಕೆ ಹೋಗುವವರು ಎಂಬ ಭ್ರಮೆಯಿಂದ ಈ ಪಟ್ಟಿಗೆ ನುಸುಳುತ್ತಾರೆ, ಅಷ್ಟೆ.

ಪ್ಲಾನೆಟೇರಿಯಮ್ಮಿನಲ್ಲಿ ಮೈಕ್ ಹಿಡಿದು ಆಕಾಶ ವಿವರಿಸುವವರು ಕಾಯ್‌ಸೆತ್ಸುಯಿನ್. ಜಪಾನಿನ ಗಡಿಯಾರಕ್ಕೆ ಆಧಾರವಾದ 135 ಡಿಗ್ರಿ ರೇಖಾಂಶದ ಮೇಲೇ ಇರುವ ಅಕಾಶಿ ಊರಿನ, 1960ರಿಂದ ನಡೆಯುತ್ತಿರುವ ಪ್ಲಾನೆಟೇರಿಯಮ್ಮಿಗೆ ಹೋದರೆ ಭೇಟಿಯಾಗುವುದು ಇವರನ್ನೇ. ಯಮಗಾತದಲ್ಲಿ ಶುರುವಾಗಿ ಬೇರೆ ಊರುಗಳಿಗೂ ಹಬ್ಬಿದ ಹೊಶಿಜೋರ ಅನ್ನಾಯ್‌ನಿನ್ ಎಂಬ ಅರ್ಹತಾಪತ್ರವೂ ಇದೆ, ನಕ್ಷತ್ರದ ದಾರಿ ತೋರಿಸುವವರು ಎಂದು.

ಇನ್ನು ಹೊಶಿಯ. ಹೊಶಿ ನಕ್ಷತ್ರ, ಯ ಎಂದರೆ ಅಂಗಡಿಯವನು, ಕಸುಬಿನವನು. ನಕ್ಷತ್ರದವರು ತಮ್ಮ ತಮ್ಮಲ್ಲಿ, ತಮ್ಮನ್ನೇ ತಮಾಷೆ ಮಾಡಿಕೊಳ್ಳುತ್ತ ಬಳಸುವ ಪದ. 'ನಾವು ಹೊಶಿಯಗಳು, ಹುಣ್ಣಿಮೆ ಬಂದರೆ ಸಿಟ್ಟು' ಎಂಬ ಧಾಟಿಯಲ್ಲಿ. ಹೊರಗಿನವರು ಬಳಸಿದರೆ ಸಸಾರ ಮಾಡಿದಂತೆ. ಗುಂಪಿಗೆ ಸೇರಿದ ಮೇಲೂ ಸ್ವಲ್ಪ ಕಾಯಿರಿ.

ಒಂದೇ ಘಟನೆಯಲ್ಲಿ ಎಷ್ಟು ಪದ ಬೇಕಾಗಬಹುದು ಎಂಬುದಕ್ಕೆ ಏಡಿ ನೀಹಾರಿಕೆಯ ಕಥೆ. ಸಿಡಿದ ನಕ್ಷತ್ರವೊಂದು ಬಿಟ್ಟುಹೋದ ಅನಿಲದ ಮೋಡ ಅದು. 1054ರಲ್ಲಿ ಸಿಡಿದ ನಕ್ಷತ್ರದ ಜಪಾನೀ ದಾಖಲೆ ಉಳಿದಿರುವುದು ಕವಿ ಫುಜಿವಾರ ನೊ ತೇಯ್ಕನ ದಿನಚರಿಯಲ್ಲಿ. ಅವನು ಅದನ್ನು ಕಂಡವನಲ್ಲ. 1230ರಲ್ಲಿ ಬೇರೊಂದು ಅತಿಥಿ ನಕ್ಷತ್ರ, ಅಂದರೆ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುವ ನಕ್ಷತ್ರ, ಬಂದಾಗ ಗಾಬರಿಯಾಗಿ ಅಬೆ ಮನೆತನದ ಒನ್‌ಮ್ಯೋಜಿಯನ್ನು ಕೇಳಿ ಹಳೆಯ ಪಟ್ಟಿ ಬರೆಸಿಕೊಂಡ. ಅದು ಪಶ್ಚಿಮದವರಿಗೆ ತಿಳಿದದ್ದು 1934ರಲ್ಲಿ, ಇಬ ಯಸುವಾಕಿ ಎಂಬ ಅಮಚುಅ ತೆಮ್ಮೊನ್‌ಕ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆದ ಮೇಲೆ. ಆಮೇಲೆ ತೆಮ್ಮೊನ್‌ಗಕುಶರು ಅದನ್ನು ಏಡಿ ನೀಹಾರಿಕೆಗೆ ಹೊಂದಿಸಿದರು. ಈ ಕಥೆಯನ್ನು ಕನ್ನಡದಲ್ಲಿ ಹೇಳುವಾಗ ಎಲ್ಲರನ್ನೂ 'ಖಗೋಳವಿಜ್ಞಾನಿ' ಎಂದುಬಿಟ್ಟರೆ ಕಥೆಯೇ ಉಳಿಯುವುದಿಲ್ಲ.

ಇಷ್ಟೆಲ್ಲ ಆರಿಸಿದ ಮೇಲೂ, ಎದುರಿಗೆ ಸಿಕ್ಕವರನ್ನು ಕೂಗಲು ಇವುಗಳಲ್ಲಿ ಒಂದೂ ನಡೆಯುವುದಿಲ್ಲ. ಮಿತಾಕದ ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವಾಗ ಮೊದಲು ಮನೆತನದ ಹೆಸರು, ಆಮೇಲೆ ಸೆನ್‌ಸೇ, ಅಂದರೆ ಗುರುಗಳು. ಧೂಮಕೇತು ಹಿಡಿದ ಗಿಟಾರ್ ಮೇಷ್ಟ್ರಿಗೆ ಸಾಮಾನ್ಯವಾಗಿ ಸನ್, ನಮ್ಮ 'ಅವರೇ' ಇದ್ದಂತೆ; ನೀವು ಅವರಲ್ಲಿ ಗಿಟಾರ್ ಕಲಿತಿದ್ದರೆ ಸೆನ್‌ಸೇ.